ಬೆನ್ನ ಹಿಂದಿನ ಸಂಗೀತ

ಸರೌಂಡ್ ಡಿಸ್ಕು ಚೆನ್ನಾಗಿದೆಯೆನ್ನಲು ಹೊಸಪೇಟೆಯ ನನ್ನ ಮಿತ್ರರದು ಒಂದೇ ಲೆಕ್ಕ: ಸದ್ದು ತಲೆಯ ಸುತ್ತ ತಿರುಗಬೇಕು. ಮುಂದೆ ಮೂರು, ಹಿಂದೆ ಎರಡು ಸ್ಪೀಕರು, ಮಂದ್ರದ ಗುಡುಗಿಗೆ ಇನ್ನೊಂದು ಪೆಟ್ಟಿಗೆ. 1999ರ ಎಸ್‌ಎಸಿಡಿ, 2000ದ ಡಿವಿಡಿ-ಆಡಿಯೊ ಇಷ್ಟಕ್ಕೆಲ್ಲ ಎಡೆಮಾಡಿಕೊಟ್ಟವು, ನಿಜ. ಆರು ಬಾಯಿಗಳಿವೆಯೆಂದು ಆರೂ ಕೂಗಬೇಕೆ? ಮೃದಂಗ ಬಲಗಿವಿಯ ಹಿಂದೆ, ಪಿಟೀಲು ಎಡಭುಜದ ಹಿಂದೆ. ಸಭೆಯಲ್ಲಿ ಕೂತು ಇಂಥ ಕಛೇರಿ ಕೇಳಿದವರು ಯಾರು, ಸ್ವಾಮಿ?

ನನ್ನ ಪರೀಕ್ಷೆ ಬೇರೆ. ಹಾಡು ನಡೆದಿರುವಾಗಲೇ ಹಿಂದಿನೆರಡನ್ನು ತಟ್ಟನೆ ನಿಲ್ಲಿಸುತ್ತೇನೆ. ಹಾಡು ಹಾಗೆಯೇ ಉಳಿದು ಸಭಾಂಗಣ ಮಾತ್ರ ಮಾಯವಾದರೆ, ಮಿಶ್ರಣ ಮಾಡಿದಾತ ಕಿವಿಯುಳ್ಳವನು. ವಾದ್ಯವೇ ಕಾಣೆಯಾದರೆ ಸಂಶಯ. ಏನೂ ವ್ಯತ್ಯಾಸ ತಿಳಿಯದಿದ್ದರೆ ಕೊಟ್ಟ ಹಣ ದಂಡ.

ಮಿತ್ರರು ಹಂಪಿಯನ್ನು ಮುಂದೊಡ್ಡುತ್ತಾರೆ. ವಿರೂಪಾಕ್ಷನ ಗುಡಿಯಲ್ಲಿ ಮಂಗಳಾರತಿಯ ಹೊತ್ತು ಸದ್ದು ಸುತ್ತಲಿಂದಲೇ ಬರುವುದಲ್ಲವೆ, ಗಂಟೆ ಒಂದು ಕಡೆ, ನಗಾರಿ ಇನ್ನೊಂದು ಕಡೆ? ಒಪ್ಪಿದೆ. ಅದನ್ನು ಡಿಸ್ಕಿಗಿಳಿಸುವವರು ಬೆನ್ನ ಹಿಂದೆಯೇ ಗಂಟೆ ಬಾರಿಸಲಿ. ವಿಠ್ಠಲ ದೇವಾಲಯದ ನಾದದ ಕಂಬಗಳೂ ಸುತ್ತ ನಿಂತಂಥವೇ. ಈಗ ಅವನ್ನು ಬಡಿಯಗೊಡುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ಕಛೇರಿಯಲ್ಲಿ ಗಾಯಕರು ನನ್ನೆದುರಿಗೇ ಕೂತಿರಲಿ. ಹಿಂದಿನ ಸ್ಪೀಕರಿನಲ್ಲಿ ಬೇಕಾದರೆ ಒಬ್ಬ ಸಭಿಕ ಮೆಲ್ಲಗೆ ಕೆಮ್ಮಲಿ.