ಕೆಮ್ಮಣ್ಣಿನ ಚಿತ್ರಗಳಿಗೆ ಹೋಗುವ ದಾರಿ

"ಕೊಲಂಬಿಯಾಗಾ? ಅಲ್ಲಿ ಜನರನ್ನ ಕಿಡ್ನ್ಯಾಪ್ ಮಾಡ್ತಾರಂತಲ್ಲೋ!"

ಬೊಗೊಟಾದಲ್ಲಿ ಮೂರು ತಿಂಗಳ ಪ್ರಾಜೆಕ್ಟ್ ಸಿಕ್ಕಿದೆ ಅಂದಾಗ ಅಮ್ಮ ಹೇಳಿದ ಮೊದಲ ಮಾತು ಇದು. ಹಾಗಾಗಿ 2023ರ ಫೆಬ್ರವರಿಯಲ್ಲಿ ಎರಡು ದಿನ ರಜೆ ಹಾಕಿ ಗ್ವಾವಿಯಾರೆ ಪ್ರಾಂತ್ಯಕ್ಕೆ ಹೊರಟಾಗ ಮನೆಗೆ "ಟ್ರೆಕ್ಕಿಂಗ್ ಹೋಗ್ತಿದೀನಿ" ಅಂತಷ್ಟೇ ಹೇಳಿದ್ದೆ. ಸುಳ್ಳಂತೂ ಅಲ್ಲ.

ಬೊಗೊಟಾದಿಂದ ಸಾನ್ ಹೋಸೆ ದೆಲ್ ಗ್ವಾವಿಯಾರೆ ಊರಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಆಂಡಿಸ್ ಬೆಟ್ಟಸಾಲು ಇಳಿದರೆ ಬಯಲು, ಬಯಲು ಮುಗಿದಲ್ಲಿ ಅಮೆಜಾನ್ ಕಾಡು ಶುರು. ಅಲ್ಲಿಂದ ಜೀಪಿನಲ್ಲಿ ಮಣ್ಣುರಸ್ತೆ ಹಿಡಿದು ನಾನೂ ಬೊಗೊಟಾದ ಸಹೋದ್ಯೋಗಿಯೊಬ್ಬನೂ ಸೆರ್ರೋ ಅಸುಲ್ ಎಂಬ ಗುಡ್ಡದ ಬುಡಕ್ಕೆ ಬಂದೆವು. ಸೆರಾನಿಯಾ ದೆ ಲಾ ಲಿಂದೋಸಾ ಎಂಬ ಕಲ್ಲುಬೆಟ್ಟಗಳ ಸಾಲಿನಲ್ಲಿ ಇದೂ ಒಂದು.

ಗೈಡ್ ಆಗಿ ಸಿಕ್ಕವರು ಅಲ್ಲಿಯದೇ ರೈತ, ಐವತ್ತರ ಆಸುಪಾಸಿನವರು. ಅವರ ಹೆಸರು ಇಲ್ಲಿ ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ನನ್ನ ದುಬಾರಿ ಶೂ ನೋಡಿ ನಕ್ಕು, ಒಂದು ಜೊತೆ ಗಂಬೂಟು ತಂದುಕೊಟ್ಟರು. ಕೊಪ್ಪದ ಕಡೆ ಹುಟ್ಟಿದವನಿಗೆ ಗಂಬೂಟು ಹೊಸದಾ? ಹಾಕಿಕೊಂಡ ತಕ್ಷಣ ಮನೆ ತೋಟಕ್ಕೆ ಹೊರಟ ಹಾಗೇ ಅನಿಸಿತು.

ಕಾಡಿನೊಳಗೆ ಏರಿ ಹೋದರೆ ಒಂದು ತಿರುವಿನಲ್ಲಿ ಮರಗಳು ಸರಿದು, ಎದುರಿಗೆ ದೊಡ್ಡ ಬಂಡೆಗೋಡೆ. ಗೋಡೆ ತುಂಬ ಕೆಂಪು ಚಿತ್ರಗಳು. ಅಜ್ಜಿ ಗೋಡೆಗೆ ಬಳಿಯುತ್ತಿದ್ದ ಕೆಮ್ಮಣ್ಣಿನದೇ ಬಣ್ಣ. ಮೀನು, ಆಮೆ, ಜಿಂಕೆ, ಬಾವಲಿ, ಕೈಗುರುತು, ಕೈ ಹಿಡಿದು ಕುಣಿಯುವ ಜನ. ಏಣಿಯಂಥ ಎತ್ತರದ ಅಟ್ಟಣಿಗೆ ಹತ್ತಿ ನಿಂತವರೂ ಇದ್ದಾರೆ. ಕೆಲವು ಚಿತ್ರ ಎಷ್ಟು ಮೇಲಿವೆ ಅಂದ್ರೆ ಕತ್ತು ನೋಯುತ್ತೆ. ಬಹುಶಃ ಬರೆದವರು ನಿಂತಿದ್ದೂ ಅಂಥದೇ ಅಟ್ಟಣಿಗೆ ಮೇಲೆ.

2017-18ರಲ್ಲಿ ಈ ಗೋಡೆಗಳ ಬುಡ ಅಗೆದ ಕೊಲಂಬಿಯಾ ಮತ್ತು ಬ್ರಿಟನ್ನಿನ ಪುರಾತತ್ತ್ವಜ್ಞರಿಗೆ ಸುಮಾರು 12,600 ವರ್ಷಗಳ ಹಿಂದೆ ಇಲ್ಲಿ ಮನುಷ್ಯರಿದ್ದ ಗುರುತು ಸಿಕ್ಕಿತು. ಚಿತ್ರಗಳ ವಯಸ್ಸಿನ ಬಗ್ಗೆ ಮಾತ್ರ ಜಗಳ ಮುಗಿದಿಲ್ಲ. ಒಂದು ಪ್ರಾಣಿ ಕಣ್ಮರೆಯಾದ ಹಿಮಯುಗದ ಕುದುರೆ ಅಂತ ಕೆಲವರು. ಅಲ್ಲ, ಸ್ಪೇನಿನವರು ಬಂದಾಗ ತಂದ ಕುದುರೆ ಅಂತ ಇನ್ನು ಕೆಲವರು. ಗೈಡ್‌ಗೆ ಕೇಳಿದರೆ, "ಕುದುರೆ ಅಂತ ಇಬ್ಬರೂ ಒಪ್ಪಿದಾರಲ್ಲ, ಸಾಕು ಬಿಡಿ" ಅಂದರು.

ಇಷ್ಟು ದೊಡ್ಡ ಗೋಡೆ ಜಗತ್ತಿನ ಕಣ್ಣಿಗೆ ಬೀಳಲು ಯಾಕಿಷ್ಟು ತಡ? ಉತ್ತರ ಸರಳ: ಬರುವ ಹಾಗಿರಲಿಲ್ಲ. 1964ರಲ್ಲಿ ಹುಟ್ಟಿದ ಫಾರ್ಕ್ ಎಂಬ ಗೆರಿಲ್ಲಾ ಸಂಘಟನೆಗೆ ಗ್ವಾವಿಯಾರೆ ಗಟ್ಟಿ ನೆಲೆ. ನಮ್ಮ ಗೈಡ್ ಆಗ ಕೋಕಾ ಎಲೆ ಕೊಯ್ಯುವ ಕೂಲಿ. ಕೊಕೇನ್ ಆಗುವುದು ಅದೇ ಎಲೆಯಿಂದ. ಹೊರಗಿನವರು ಬರಬೇಕಂದ್ರೆ ಗೆರಿಲ್ಲಾಗಳ ಒಪ್ಪಿಗೆ ಬೇಕು. 2016ರ ನವೆಂಬರ್‌ನಲ್ಲಿ ಸರ್ಕಾರ ಮತ್ತು ಫಾರ್ಕ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ದಾರಿ ತೆರೆಯಿತು. ಸಂಶೋಧಕರು ಬಂದರು, ಹಿಂದೆಯೇ ನಮ್ಮಂಥವರು. 2018ರಲ್ಲಿ ಲಿಂದೋಸಾ ಸಂರಕ್ಷಿತ ಪುರಾತತ್ತ್ವ ಪ್ರದೇಶವಾಯಿತು. ಗೈಡ್ ಕೋಕಾ ಬಿಟ್ಟರು, ಹೆಂಡತಿ ಪ್ರವಾಸಿಗರಿಗೆ ಅಡುಗೆ ಶುರುಮಾಡಿದರು. ಅವರು ಕೊಟ್ಟ ಅರೆಪಾ, ನಮ್ಮ ಮೆಕ್ಕೆಜೋಳದ ರೊಟ್ಟಿಯ ದಪ್ಪ ತಮ್ಮ. ಎರಡು ತಿಂದೆ.

ಆದರೆ ಶಾಂತಿ ಬಂತು ಅಂದರೆ ಎಲ್ಲ ಒಳ್ಳೆಯದೇ ಆಯ್ತು ಅಂತಲ್ಲ. ಗೆರಿಲ್ಲಾಗಳ ಕಾಲದಲ್ಲಿ ಮರ ಕಡಿಯಲೂ ಅವರ ಕಟ್ಟಳೆ ಇತ್ತು. ಅವರು ಹೋದ ಜಾಗಕ್ಕೆ ಸರ್ಕಾರಕ್ಕಿಂತ ಮೊದಲು ಬಂದವರು ಭೂಮಿ ಕಬಳಿಸುವವರು. 2017 ಒಂದೇ ವರ್ಷದಲ್ಲಿ ಕೊಲಂಬಿಯಾ ಸುಮಾರು 2 ಲಕ್ಷ 20 ಸಾವಿರ ಹೆಕ್ಟೇರ್ ಕಾಡು ಕಳೆದುಕೊಂಡಿತು. ಅದರಲ್ಲಿ ಬಹುಪಾಲು ಅಮೆಜಾನ್ ಕಡೆಯದು. ದಾರಿಯುದ್ದಕ್ಕೂ ನೋಡಿದ ದನದ ಹುಲ್ಲುಗಾವಲುಗಳ ಅರ್ಥ ಆಮೇಲೆ ಹೊಳೆಯಿತು.

ಜೊತೆಗೆ, ಎಲ್ಲರೂ ಬಂದೂಕು ಕೆಳಗಿಟ್ಟಿರಲಿಲ್ಲ. ಗ್ವಾವಿಯಾರೆಯ ಒಂದು ಫಾರ್ಕ್ ತುಕಡಿ 2016ರಲ್ಲೇ ಒಪ್ಪಂದ ಒಲ್ಲೆ ಅಂದಿತ್ತು. ಅದು ಬೆಳೆಯುತ್ತಾ ಹೋಯಿತು. 2020ರಲ್ಲಿ ಇಂಥ ಬಂಡುಕೋರರ ಬೆದರಿಕೆಗೆ ಚಿರಿಬಿಕೆತೆ ರಾಷ್ಟ್ರೀಯ ಉದ್ಯಾನದ ಅರಣ್ಯ ಸಿಬ್ಬಂದಿ ಜಾಗ ಬಿಡಬೇಕಾಯಿತು. ಅದು ಲಿಂದೋಸಾದ ದಕ್ಷಿಣಕ್ಕಿರುವ, 75,000ಕ್ಕೂ ಹೆಚ್ಚು ಚಿತ್ರಗಳಿರುವ ವಿಶ್ವ ಪರಂಪರೆ ತಾಣ.

ನಾನು ಹೋದಾಗ ಕದನವಿರಾಮ ಇತ್ತು. ಊಟದ ಹೊತ್ತಿಗೆ ನಾನು ನಮ್ಮೂರಿನ ಕಥೆ ಹೇಳಿದೆ. ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ಮಲೆನಾಡಿನಲ್ಲಿ ನಕ್ಸಲ್ ಕಾಲ. ರಾತ್ರಿ ಒಬ್ಬರು ಬಂದು ಅನ್ನ ಕೇಳೋರು, ಬೆಳಿಗ್ಗೆ ಇನ್ನೊಬ್ಬರು ಬಂದು ಯಾರಿಗೆ ಅನ್ನ ಹಾಕಿದ್ರಿ ಅಂತ ಕೇಳೋರು. ಸಹೋದ್ಯೋಗಿ ಅದನ್ನು ಸ್ಪ್ಯಾನಿಷ್‌ಗೆ ಹೇಳಿ ಮುಗಿಸುವ ಮೊದಲೇ ಗೈಡ್ ತಲೆಯಾಡಿಸುತ್ತಿದ್ದರು. "ಇಲ್ಲಿ ಅದು ಐವತ್ತು ವರ್ಷ" ಅಂದರು. ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಮೇ ತಿಂಗಳಲ್ಲಿ, ಬಂಡುಕೋರರು ನಾಲ್ವರು ಆದಿವಾಸಿ ಹುಡುಗರನ್ನು ಕೊಂದರು. ಸರ್ಕಾರ ಗ್ವಾವಿಯಾರೆ ಸೇರಿ ನಾಲ್ಕು ಪ್ರಾಂತ್ಯಗಳಲ್ಲಿ ಕದನವಿರಾಮ ನಿಲ್ಲಿಸಿತು. ಅದೇ ವರ್ಷ ಮತ್ತೆ ಮಾತುಕತೆ, ಮುಂದಿನ ವರ್ಷ ಬಂಡುಕೋರರಲ್ಲೇ ಒಡಕು. 2025ರ ಜನವರಿಯಲ್ಲಿ ಆ ಎರಡು ಬಣಗಳು ಅದೇ ಪ್ರಾಂತ್ಯದ ಕಲಾಮಾರ್ ಬಳಿ ಹೊಡೆದಾಡಿ ಸುಮಾರು 20 ಜನ ಸತ್ತರು.

ಸುದ್ದಿ ಓದಿ ಗೈಡ್‌ಗೆ ವಾಟ್ಸಾಪ್ ಮಾಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ನಾವು ಚೆನ್ನಾಗಿದ್ದೇವೆ. ಜನ ಬರ್ತಿಲ್ಲ. ಮಗ ಕೋಕಾ ಕೊಯ್ಯೋಕೆ ಹೋಗ್ತೀನಿ ಅಂತಿದಾನೆ."

ಚಿತ್ರಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವು ಇದಕ್ಕಿಂತ ದೊಡ್ಡದನ್ನೆಲ್ಲ ಕಂಡಿವೆ. ಆದರೆ ಒಂದು ಗಂಬೂಟು, ಎರಡು ಅರೆಪಾ, ಒಂದು ದಿನದ ಗೈಡ್ ದುಡ್ಡು, ಇಷ್ಟರ ಮೇಲೆ ಒಂದು ಮನೆ ಕೋಕಾ ಬಿಟ್ಟು ಬದುಕಲು ಕಲಿತಿತ್ತು. ಶಾಂತಿ ಅಂದ್ರೆ ಆ ಮನೆ ಪಾಲಿಗೆ ಅಷ್ಟೇ ಇತ್ತು, ಅಷ್ಟೂ ಇತ್ತು.

ನೀವು ಆ ಕಡೆ ಹೋಗುವುದಾದರೆ ಸದ್ಯದ ಪರಿಸ್ಥಿತಿ ವಿಚಾರಿಸದೆ ಹೊರಡಬೇಡಿ. ಸಾಹಸ ಮಾಡಿ ಅಲ್ಲಿನವರ ತಲೆಗೆ ತೊಂದರೆ ಕಟ್ಟುವುದು ಬೇಡ. ದಾರಿ ತೆರೆದಾಗ ಮಾತ್ರ ಖಂಡಿತ ಹೋಗಿ, ಊರಿನ ಗೈಡನ್ನೇ ಕರೆದುಕೊಳ್ಳಿ, ಊಟ ಅವರ ಮನೆಯಲ್ಲೇ ಮಾಡಿ.

ಅವರ ಮೆಸೇಜಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು: "ನಿಮ್ಮ ಬೂಟು ಇನ್ನೂ ಇಲ್ಲೇ ಇದೆ, ಯಾವಾಗ ಬರ್ತೀರಿ?" ಏನು ಬರೆಯಲಿ ಅಂತ ಇನ್ನೂ ಯೋಚಿಸ್ತಾ ಇದೀನಿ.