ಕಾಲು ಪೈಸೆ ಯಾರ ಪಾಲು?

ಮೆಟ್ಟುಪಾಳ್ಯದ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರು ಇಂದಿಗೂ ಐವತ್ತು ಪೈಸೆಯನ್ನು ಎಂಟಾಣೆ ಎನ್ನುತ್ತಾರೆ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆಗಳು ಶೇಷವಿಲ್ಲದೆ ಪೈಸೆಗಳಾದುವು. ಉಳಿದ ಆಣೆಗಳಿಗೆ ಆ ಭಾಗ್ಯವಿರಲಿಲ್ಲ.

1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿಯು ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದಿನಿಂದ ರೂಪಾಯಿಗೆ 100 ನಯೇ ಪೈಸೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಕಾಲು ಪೈಸೆಯ ನಾಣ್ಯವೋ ಇಲ್ಲ. ಆದುದರಿಂದ ಅರ್ಧ ಪೈಸೆಯನ್ನೂ ಅದಕ್ಕೆ ಕಡಮೆಯಾದುದನ್ನೂ ಬಿಡುವುದು, ಅರ್ಧವನ್ನು ಮೀರಿದರೆ ಒಂದೆಂದು ಎಣಿಸುವುದು ಎಂದು ನಿಯಮವಾಯಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಪೈಸೆ.

ನಿಯಮದಲ್ಲಿ ಪಕ್ಷಪಾತವಿಲ್ಲ. ಆದರೆ ಅದನ್ನು ಎಷ್ಟು ಸಲ ಬಳಸುತ್ತೇವೆಂಬುದರಲ್ಲಿ ನ್ಯಾಯಾನ್ಯಾಯಗಳಿವೆ. ಇಲ್ಲಿಯ ಮಂಡಿಯಲ್ಲಿ ನೀಲಗಿರಿಯ ಆಲೂಗಡ್ಡೆಯನ್ನು ಮೂಟೆಗಟ್ಟಲೆ ಕೊಳ್ಳುವ ವರ್ತಕನ ಲೆಕ್ಕವು ಒಂದೇ ಮೊತ್ತವಾಗಿ ಮುಗಿಯುತ್ತದೆ. ಅಲ್ಲಿ ಆಗುವ ವ್ಯತ್ಯಾಸ ಅರ್ಧ ಪೈಸೆಯನ್ನು ಮೀರದು. ಸಮೀಪದ ಸಿರುಮುಗೈಯಂಥ ಊರಿನಲ್ಲಿ ಒಬ್ಬ ಕೂಲಿಯವನನ್ನು ಊಹಿಸೋಣ. ಅವನಿಗೆ ಒಂದೊಂದು ಕೆಲಸಕ್ಕೆ ಒಂದಾಣೆಯಂತೆ ಆಗಾಗಲೇ 6 ಪೈಸೆ ಕೊಟ್ಟರೆ, ಹದಿನಾರು ಕೆಲಸಗಳಿಗೆ ಸಿಕ್ಕುವುದು 96 ಪೈಸೆ. ಅವನು ದಿನವೂ ಒಂದಾಣೆಯ ವೀಳ್ಯದೆಲೆ ಕೊಳ್ಳುವಾಗ ಅಂಗಡಿಯವನು ನಿಯಮವನ್ನು ಮೀರಿ 7 ಪೈಸೆ ಕೇಳಿದರೆ, ಹದಿನಾರು ದಿನಗಳಲ್ಲಿ ತೆರುವುದು 112 ಪೈಸೆ. ಗಳಿಕೆಯಲ್ಲಿ ನಾಲ್ಕು, ವೆಚ್ಚದಲ್ಲಿ ಹನ್ನೆರಡು. ರೂಪಾಯಿಗೆ ಹದಿನಾರು ಪೈಸೆ ಬಡವನ ಕೈಬಿಟ್ಟಿತು! ಬಿಡಿಬಿಡಿಯಾಗಿ ಬದುಕುವವನಿಗೆ ಕಾಲು ಪೈಸೆಯೂ ಅಲ್ಪವಲ್ಲ.

1964ರ ಜೂನ್ 1ರಿಂದ 'ನಯೇ' ಎಂಬ ವಿಶೇಷಣವು ಬಿದ್ದುಹೋಯಿತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ಚಲಾವಣೆಯಿಂದ ಹೋದುವು. ಇಂದು ಸರಕು ಮತ್ತು ಸೇವಾ ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ಹೊಂದಿಸುತ್ತಾರೆ. ಅಂದು ಸರಿಯಾಗಿ ಅರ್ಧವಾದುದನ್ನು ಬಿಡುತ್ತಿದ್ದರು; ಈ ತೆರಿಗೆಯಲ್ಲಿ ಐವತ್ತು ಪೈಸೆಯಾದರೆ ಮೇಲಕ್ಕೇರಿಸುತ್ತಾರೆ. ಅರ್ಧವು ಎತ್ತ ಸಲ್ಲಬೇಕೆಂಬುದನ್ನು ಗಣಿತವು ಹೇಳದು, ಮನುಷ್ಯರೇ ಒಪ್ಪಿಕೊಳ್ಳಬೇಕು.

ಆದಕಾರಣ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಸಮೀಪದ ಪೈಸೆಗೆ ಹೊಂದಿಸುವ ಪಾಠವನ್ನು ಕಲಿಸುವಾಗ, ಮೊದಲು ಕೂಡಿಸಿ ಕಡೆಯಲ್ಲಿ ಒಮ್ಮೆ ಮಾತ್ರ ಹೊಂದಿಸಬೇಕೆಂಬುದನ್ನು ಮಕ್ಕಳಿಗೆ ಮನಗಾಣಿಸಿರಿ. ವಿದ್ಯಾರ್ಥಿಗಳೇ, ಬಿಟ್ಟ ಭಾಗವನ್ನು ಪುಟದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿರಿ. ಅದು ಯಾರ ಪಾಲಿನದೆಂದು ಕೇಳುವುದೂ ಗಣಿತದ ಅಂಗವೇ ಆಗಿದೆ.