ಎಳೆಯ ಬಲ

ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರಕ್ಕೆ ಬಳೆಮಂಟಪವೆಂದು ಹೆಸರು. ಒಂದರೊಳಗೊಂದು ಕೋದುಕೊಂಡಿರುವ ಕಲ್ಲಿನ ಬಳೆಗಳ ಸರಪಳಿಗಳೇ ಈ ಹೆಸರಿಗೆ ಕಾರಣ. ಬಳೆಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸಿದ್ದಲ್ಲ. ಒಂದೇ ಕಲ್ಲಿನಲ್ಲಿ ಕಡೆದು ಬಿಡಿಸಿದ್ದು. ನಾನು ಎಂಟು ವರ್ಷದವನಾಗಿದ್ದಾಗ ತಾತನೊಡನೆ ಅಲ್ಲಿಗೆ ಹೋಗಿದ್ದೆ. ಸರಪಳಿಯನ್ನು ಕಂಡೊಡನೆ ಜೋತಾಡುವ ಆಸೆಯಾಯಿತು. ಜಗಲಿಯ ಮೇಲೆ ಹತ್ತಿ ಕೈ ಚಾಚುವಷ್ಟರಲ್ಲಿ ತಾತ ಭುಜ ಹಿಡಿದು ಹಿಂದಕ್ಕೆಳೆದರು.

"ಎಳೀಬೇಡ ಮಗ! ಕಿತ್ಕೊಂಡು ತಲೆ ಮೇಲೆ ಬಿದ್ದಾತು."

ಇಡೀ ಮಂಟಪವನ್ನು ಹೊತ್ತಿರುವ ಕಲ್ಲು ನನ್ನಂತಹ ಹುಡುಗನ ಭಾರಕ್ಕೆ ಮುರಿಯುವುದೆ? ನನಗೆ ನಂಬಿಕೆಯಾಗಲಿಲ್ಲ. "ನಮ್ಮ ಮಗ್ಗದ ಎಳೆಗಿಂತಲೂ ಬಡವೇ ತಾತ, ಈ ಕಲ್ಲು?" ಎಂದು ಕೇಳಿದೆ. ತಾತ ನಕ್ಕು ಸುಮ್ಮನಾದರು.

ಆ ನಗೆಯೇ ನನ್ನ ತಲೆ ಕೆಡಿಸಿತು. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆ. ಮಾರನೆಯ ದಿನ ತಾತ ಊಟಕ್ಕೆ ಎದ್ದಾಗ ನಾನು ಮಗ್ಗದ ಬಳಿಗೆ ಹೋಗಿ, ಬಿಗಿದ ಹಾಸಿನಲ್ಲಿ ಹತ್ತಿಪ್ಪತ್ತು ಎಳೆಗಳನ್ನು ಸೇರಿಸಿ, ಕೊಕ್ಕೆಯಿಂದ ಅರ್ಧ ಕಿಲೋ ತೂಕದ ಕಲ್ಲನ್ನು ತೂಗುಹಾಕಿದೆ. ಎಳೆಗಳು ಬಾಗಿದವು, ಕಡಿಯಲಿಲ್ಲ. ಹಿಗ್ಗಿನಿಂದ ಒಂದು ಕಿಲೋದ ಕಲ್ಲನ್ನೂ ಸೇರಿಸಿದೆ. ಎಲ್ಲೋ ಗಂಟಿದ್ದ ಒಂದು ಎಳೆ 'ಟಪ್' ಎಂದಿತು. ಅದರ ಪಾಲಿನ ಭಾರ ನೆರೆಯ ಎಳೆಗಳ ಮೇಲೆ ಬಿತ್ತು; ಅವೂ ಒಂದಾದ ಮೇಲೊಂದು ಕಡಿದುಹೋದವು.

ತಾತ ನನ್ನನ್ನು ಹೊಡೆಯಲಿಲ್ಲ. ಬೆರಳನ್ನು ಒದ್ದೆಮಾಡಿಕೊಂಡು, ತುದಿಗೆ ತುದಿ ಹೊಸೆದು, ದೀಪ ಹಚ್ಚುವವರೆಗೂ ಎಳೆಗಳನ್ನು ಜೋಡಿಸುತ್ತ ಕುಳಿತರು. ಆದರೂ ಸೀರೆಯಲ್ಲಿ ಒಂದು ಗೆರೆ ಉಳಿದುಬಿಟ್ಟಿತು. ವ್ಯಾಪಾರಿ ಎಷ್ಟು ಹಣ ಮುರಿದುಕೊಂಡನೆಂಬುದನ್ನು ತಾತ ಹೇಳಲಿಲ್ಲ. ಆ ವರ್ಷ ಹಬ್ಬಕ್ಕೆ ನನಗೆ ಹೊಸ ಅಂಗಿ ಬರಲಿಲ್ಲವೆಂಬುದು ಮಾತ್ರ ನೆನಪಿದೆ.

ನಾನು ಮಾಡಿದ ಕಿಡಿಗೇಡಿತನವನ್ನೇ ಸುಮಾರು 500 ವರ್ಷಗಳ ಹಿಂದೆ ಇಟಲಿಯ ಲಿಯೊನಾರ್ಡೊ ಡಾ ವಿಂಚಿ ಕ್ರಮವಾಗಿ ಮಾಡುವ ಬಗೆಯನ್ನು ಬರೆದಿಟ್ಟಿದ್ದನೆಂಬುದು ಕಾಲೇಜಿಗೆ ಹೋದಮೇಲೆ ತಿಳಿಯಿತು. ಕಬ್ಬಿಣದ ತಂತಿಗೆ ಬುಟ್ಟಿಯೊಂದನ್ನು ಕಟ್ಟಿ, ಅದರೊಳಕ್ಕೆ ಸಣ್ಣ ಧಾರೆಯಾಗಿ ಮರಳು ಸುರಿಯಬೇಕು. ತಂತಿ ಕಡಿದೊಡನೆ ಧಾರೆ ನಿಲ್ಲಬೇಕು. ಬುಟ್ಟಿಯ ಮರಳನ್ನು ತೂಗಿದರೆ ತಂತಿಯ ಬಲ ತಿಳಿಯುತ್ತದೆ. ಒಂದೇ ದಪ್ಪದ ತಂತಿಗಳಲ್ಲಿ ಉದ್ದವಾದುದು ಬೇಗ ಕಡಿಯುತ್ತದೆಂದೂ ಅವನು ಬರೆದಿದ್ದಾನೆ. ಉದ್ದ ಹೆಚ್ಚಿದಂತೆ ಅದರಲ್ಲಿ ಎಲ್ಲಾದರೂ ಒಂದು ದೋಷವಿರುವ ಸಂಭವವೂ ಹೆಚ್ಚು. ನನ್ನ ಎಳೆಯಲ್ಲಿದ್ದ ಗಂಟಿನಂತೆಯೇ!

ಹೀಗೆ ಎಳೆತವನ್ನು ತಡೆಯುವ ಗುಣಕ್ಕೆ ಕರ್ಷಣ ಸಾಮರ್ಥ್ಯವೆಂದು ಹೆಸರು. ಒಂದು ಚದರ ಮಿಲಿಮೀಟರು ದಪ್ಪದ ಮೆದು ಉಕ್ಕು ಸುಮಾರು 40 ಕಿಲೋ ಭಾರವನ್ನು ತಾಳುತ್ತದೆ. ಅಷ್ಟೇ ದಪ್ಪದ ರೇಷ್ಮೆ ಸುಮಾರು 50 ಕಿಲೋ ತಾಳಬಲ್ಲದು. ರೇಷ್ಮೆಯ ತೂಕವಾದರೋ ಉಕ್ಕಿನ ಆರನೆಯ ಒಂದು ಪಾಲು. ಕಣಶಿಲೆಯನ್ನು ಎಳೆದರೆ ಅದು ಒಂದು ಕಿಲೋದ ಆಸುಪಾಸಿನಲ್ಲಿಯೇ ಮುರಿಯುತ್ತದೆ. ಅದೇ ಶಿಲೆ ಒತ್ತಿದರೆ ಹದಿನೈದಿಪ್ಪತ್ತು ಕಿಲೋ ತಾಳುತ್ತದೆ. ತಾತನ ಎಚ್ಚರಿಕೆ ಸರಿಯಾಗಿಯೇ ಇತ್ತು.

ಏಕೆ ಹೀಗೆ? ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಒತ್ತಿದರೆ ಅವು ಮುಚ್ಚಿಕೊಳ್ಳುತ್ತವೆ, ಎಳೆದರೆ ಬಾಯಿ ತೆರೆಯುತ್ತವೆ. ಬಿರುಕಿನ ತುದಿಯಲ್ಲಿ ಎಳೆತವೆಲ್ಲ ಒಟ್ಟುಗೂಡಿ ಅದನ್ನು ಮುಂದಕ್ಕೆ ಸೀಳುತ್ತದೆ. 1920ರ ಸುಮಾರಿಗೆ ಇಂಗ್ಲೆಂಡಿನ ಗ್ರಿಫಿತ್ ಎಂಬಾತ ಗಾಜನ್ನು ಪರೀಕ್ಷಿಸಿ ಇದನ್ನು ವಿವರಿಸಿದನು. ರೇಷ್ಮೆಯಲ್ಲಾದರೆ ಉದ್ದುದ್ದವಾದ ಪ್ರೋಟೀನಿನ ಅಣುಗಳು ಎಳೆಯ ದಿಕ್ಕಿನಲ್ಲಿಯೇ ಸಾಲುಗೊಂಡಿರುತ್ತವೆ. ಗೂಡಿನಿಂದ ಬಿಚ್ಚಿದ ಒಂಟಿ ಎಳೆ ಎಂಟು ಹತ್ತು ಗ್ರಾಂ ಭಾರಕ್ಕೆ ಕಡಿಯುತ್ತದೆ, ನಿಜ. ಆದರೆ ಅದು ಎಷ್ಟು ನವುರಾದುದೆಂಬುದನ್ನು ಮರೆಯಬಾರದು.

ಕಲ್ಲಿನ ಈ ದೌರ್ಬಲ್ಯ ನಮ್ಮ ನಾಡಿನ ಕುಶಲಿಗಳಿಗೆ ತಿಳಿಯದುದೇನಲ್ಲ. ಶಿವನಸಮುದ್ರದ ಬಳಿ ಕಾವೇರಿಗೆ ಅಡ್ಡಲಾಗಿ ಜಾಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ವೆಸ್ಲಿ ಸೇತುವೆಯಲ್ಲಿ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಲಾಗಿತ್ತು. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಅಡಿಭಾಗ ಎಳೆಯಲ್ಪಡುತ್ತದೆ. ತೊಲೆ ಉದ್ದವಾದಷ್ಟೂ ಅಡಿಯಲ್ಲಿ ಎಳೆತ ಹೆಚ್ಚು. ಆದುದರಿಂದಲೇ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದು. ಇಂದಿನವರು ಕಾಂಕ್ರೀಟು ತೊಲೆಯ ಅಡಿಭಾಗದಲ್ಲಿ ಉಕ್ಕಿನ ಸಲಾಕಿಗಳನ್ನಿಟ್ಟು, ಎಳೆತವನ್ನು ಅವುಗಳಿಗೆ ಒಪ್ಪಿಸಿ, ಕಂಬಗಳನ್ನು ದೂರದೂರ ನಿಲ್ಲಿಸುತ್ತಾರೆ.

2018ರ ಪ್ರವಾಹದಲ್ಲಿ ಆ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ನೀರು ಇಳಿದ ಮೇಲೆ ನೋಡಲು ಹೋಗಿದ್ದೆ. ಉಳಿದ ಕಂಬಗಳು ಮಗ್ಗದ ಎಳೆಗಳಂತೆ ಸಾಲಾಗಿ ನಿಂತಿದ್ದವು. ನಡುವೆ ಕಡಿದ ಜಾಗ ತೆರವಾಗಿತ್ತು. ಅದನ್ನು ಜೋಡಿಸಲು ಒದ್ದೆಯ ಬೆರಳು ಸಾಲದು.